ಸಿಗಾರ್ ಪೆಟ್ಟಿಗೆ ದೊಡ್ಡದಾದಷ್ಟೂ ಒಳ್ಳೆಯದೇ? ಹ್ಯೂಮಿಡಾರ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು

ಗಾಜಿನ ಬಾಗಿಲು, ಒಳಗೆ ಹಳದಿ ದೀಪ, ಮರದ ತಟ್ಟೆಗಳಲ್ಲಿ ಸಾಲಾಗಿ ಮಲಗಿಸಿದ ಸಿಗಾರ್‌ಗಳು. ಇಂಥ ಬೀರುವಿನ ಫೋಟೋ ವಾಟ್ಸಾಪ್ ಗುಂಪಿಗೆ ಬಂದರೆ ಅದರ ಕೆಳಗೆ ಒಂದಷ್ಟು ಸಲಹೆಗಳೂ ಇರುತ್ತವೆ. ಪೆಟ್ಟಿಗೆ ದೊಡ್ಡದಿದ್ದರೆ ಸಿಗಾರ್ ಹಾಳಾಗುವುದೇ ಇಲ್ಲ, ಉಷ್ಣತೆ ಮತ್ತು ತೇವಾಂಶ ಕೂಡಿದರೆ 140 ಬರಬೇಕು, ವರ್ಷಗಟ್ಟಲೆ ಹದವಾಗಿ ಇಟ್ಟ ಸಿಗಾರ್‌ನಲ್ಲಿ ‘ವಿಷ’ ಇಳಿದಿರುತ್ತದೆ, ಹೀಗೆ. ವಿದೇಶದಿಂದ ಬಂದ ನೆಂಟರು ಕೊಟ್ಟ ಡಬ್ಬಿಯೊಂದು ಮನೆಯಲ್ಲಿದ್ದರೆ ಈ ಸಲಹೆಗಳನ್ನು ನಂಬಿ ಸಾವಿರಾರು ರೂಪಾಯಿ ಸುರಿಯುವವರೂ ಇದ್ದಾರೆ.

ಹ್ಯೂಮಿಡಾರ್ ಎಂದರೆ ಸಿಗಾರ್‌ಗಳನ್ನು ಒಂದೇ ಮಟ್ಟದ ತೇವದಲ್ಲಿ ಇಡುವ ಪೆಟ್ಟಿಗೆ. ಮೇಜಿನ ಮೇಲೆ ಕೂರುವ ಸಣ್ಣ ಮರದ ಡಬ್ಬಿಯಿಂದ ಹಿಡಿದು ಬೀರುವಿನಷ್ಟು ಎತ್ತರದವರೆಗೆ ಎಲ್ಲ ಗಾತ್ರದಲ್ಲೂ ಸಿಗುತ್ತದೆ. ಅಮೆರಿಕ, ಯುರೋಪಿನ ಶ್ರೀಮಂತರ ಮನೆಗಳಲ್ಲಿ ಇದು ಅಂತಸ್ತಿನ ವಸ್ತುವೂ ಹೌದು. ನಟ ಮಿಲ್ಟನ್ ಬರ್ಲ್ 1961ರಲ್ಲಿ ಅಧ್ಯಕ್ಷ ಕೆನಡಿಗೆ ಉಡುಗೊರೆಯಾಗಿ ಕೊಟ್ಟ ಹ್ಯೂಮಿಡಾರ್ 1996ರ ಸೋದಬಿಸ್ ಹರಾಜಿನಲ್ಲಿ 5,74,500 ಡಾಲರ್‌ಗೆ ಹೋಯಿತು. ಆ ಬೆಲೆ ಬಂದದ್ದು ಅದರ ಮಾಲೀಕನ ಹೆಸರಿಗೇ ಹೊರತು ಅದು ಹಿಡಿದಿಟ್ಟ ತೇವಕ್ಕಲ್ಲ.

ಮೊದಲು ಆ ‘ವಿಷ ಇಳಿಯುವ’ ಮಾತು

ಗಾತ್ರದ ವಿಷಯಕ್ಕೆ ಹೋಗುವ ಮೊದಲು ಇದನ್ನು ಮುಗಿಸೋಣ, ಏಕೆಂದರೆ ಉಳಿದ ತಪ್ಪುಗಳಿಂದ ಹೋಗುವುದು ದುಡ್ಡು ಮಾತ್ರ.

ಸಿಗಾರ್ ಹಳೆಯದಾದಂತೆ ಎಲೆಯಲ್ಲಿರುವ ಅಮೋನಿಯಾ ನಿಧಾನವಾಗಿ ಹೊರಹೋಗುತ್ತದೆ, ಘಾಟು ತಗ್ಗುತ್ತದೆ. ಇಷ್ಟು ನಿಜ. ಆದರೆ ಘಾಟು ತಗ್ಗುವುದು ಬೇರೆ, ಅಪಾಯ ತಗ್ಗುವುದು ಬೇರೆ. ಹೊಗೆಯಲ್ಲಿರುವ ಟಾರು, ಕಾರ್ಬನ್ ಮಾನಾಕ್ಸೈಡ್ ಮತ್ತು ಕ್ಯಾನ್ಸರ್‌ಕಾರಕ ವಸ್ತುಗಳಲ್ಲಿ ಬಹುಪಾಲು ಎಲೆ ಉರಿಯುವಾಗ ಹುಟ್ಟುತ್ತವೆ. ಪೆಟ್ಟಿಗೆಯಲ್ಲಿ ಮಲಗಿರುವ ಎಲೆಯಲ್ಲಿ ಇನ್ನೂ ಹುಟ್ಟಿಯೇ ಇರದ ವಸ್ತುವನ್ನು ಯಾವ ಪೆಟ್ಟಿಗೆ ತಾನೆ ಇಳಿಸೀತು? ಇನ್ನು ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಎಲೆಯನ್ನು ಹದ ಮಾಡುವಾಗ, ಹುದುಗಿಸುವಾಗಲೇ ಉಂಟಾಗಿರುತ್ತವೆ. ಹುದುಗುವಿಕೆ ಹೆಚ್ಚು ಇರುವುದರಿಂದ ಸಿಗಾರ್ ತಂಬಾಕಿನಲ್ಲಿ ಇವು ಸಿಗರೇಟಿನದಕ್ಕಿಂತ ಹೆಚ್ಚೇ ಇರುತ್ತವೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರ್‌ಗಳ ಬಗ್ಗೆ ಪ್ರತ್ಯೇಕ ವರದಿ ಪ್ರಕಟಿಸಿದೆ. ಬಾಯಿ, ಗಂಟಲು, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರಿಗೂ ಸಿಗಾರ್‌ಗೂ ನೇರ ನಂಟಿದೆ. ದೊಡ್ಡ ಸಿಗಾರ್ ಒಂದರಲ್ಲಿ 5ರಿಂದ 20 ಗ್ರಾಂ ತಂಬಾಕು ಇರಬಹುದು. ಸಿಗರೇಟಿನಲ್ಲಿ ಇರುವುದು ಒಂದು ಗ್ರಾಂಗಿಂತ ಕಡಿಮೆ. ‘ಹೊಗೆ ಒಳಗೆ ಎಳೆಯುವುದಿಲ್ಲವಲ್ಲ’ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಸಿಗಾರ್ ಹೊಗೆ ಕ್ಷಾರೀಯ ಗುಣದ್ದು, ಹಾಗಾಗಿ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ಹ್ಯೂಮಿಡಾರ್ ಎಷ್ಟೇ ದುಬಾರಿಯದಾಗಿರಲಿ, ಈ ವಿಷಯದಲ್ಲಿ ಅದು ಏನೂ ಮಾಡಲಾರದು. ಅದರ ಕೆಲಸ ರುಚಿ ಮತ್ತು ಎಲೆಯ ಹದ ಕಾಯುವುದು, ಅಷ್ಟೇ.

ಆ ಹದ ಎಂದರೇನು?

ಹಪ್ಪಳದ ಡಬ್ಬಿ ತೆರೆದಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ನಮಗೆ ಗೊತ್ತು. ಹಪ್ಪಳ ಗಾಳಿಯ ನೀರನ್ನು ಹೀರಿ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಅದೇ ಹಪ್ಪಳ ಗರಿಗರಿ. ತಂಬಾಕಿನ ಎಲೆಯೂ ಹೀಗೆಯೇ, ಸುತ್ತಲಿನ ಗಾಳಿ ಹೇಗೋ ಹಾಗೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿ ಹಿಡಿಯಬಲ್ಲ ಗರಿಷ್ಠ ನೀರಿನಲ್ಲಿ ಈಗ ಶೇಕಡಾ ಎಷ್ಟು ಇದೆ ಎಂಬ ಲೆಕ್ಕಕ್ಕೆ ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಸಿಗಾರ್‌ಗೆ ಬೇಕಾದ್ದು ಸುಮಾರು ಶೇ. 65ರಿಂದ 70. ತೀರಾ ಕಡಿಮೆಯಾದರೆ ಹೊರ ಎಲೆ ಬಿರಿಯುತ್ತದೆ. 75 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿಯುವ ಭಯ.

ದೊಡ್ಡ ಪೆಟ್ಟಿಗೆಯ ಗಾಳಿಯಲ್ಲಿ ಎಷ್ಟು ನೀರು?

‘ಪೆಟ್ಟಿಗೆ ದೊಡ್ಡದಾದರೆ ಒಳಗೆ ಗಾಳಿ ಜಾಸ್ತಿ, ಗಾಳಿ ಜಾಸ್ತಿಯಾದರೆ ತೇವ ಜಾಸ್ತಿ ಸಂಗ್ರಹವಾಗುತ್ತದೆ’ ಎಂಬುದು ಕೇಳಲು ಸರಿ ಎನಿಸುವ ಮಾತು. ಲೆಕ್ಕ ಹಾಕಿದರೆ ನಗು ಬರುತ್ತದೆ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್, ಅಂದರೆ 1000 ಲೀಟರ್ ಗಾಳಿ ಹಿಡಿಯಬಲ್ಲ ಗರಿಷ್ಠ ನೀರು ಸುಮಾರು 17 ಗ್ರಾಂ. ಶೇ. 70ಕ್ಕೆ ಅದು 12 ಗ್ರಾಂ. ಮೇಜಿನ ಮೇಲಿಡುವ ಸಣ್ಣ ಪೆಟ್ಟಿಗೆಯ ಒಳಗೆ 5 ಲೀಟರ್ ಜಾಗ ಇದೆ ಎಂದುಕೊಳ್ಳಿ. ಅದರ ಗಾಳಿಯಲ್ಲಿರುವ ನೀರು 0.06 ಗ್ರಾಂ, ಹೆಚ್ಚೂಕಡಿಮೆ ಒಂದು ಹನಿ. ಅದಕ್ಕಿಂತ ಹತ್ತು ಪಟ್ಟು ದೊಡ್ಡ 50 ಲೀಟರ್ ಪೆಟ್ಟಿಗೆ ತಂದರೂ ಗಾಳಿಯಲ್ಲಿರುವುದು ಹತ್ತು ಹನ್ನೆರಡು ಹನಿ. ಒಂದು ಟೀ ಚಮಚವೂ ತುಂಬುವುದಿಲ್ಲ.

ಹಾಗಾದರೆ ನೀರು ಎಲ್ಲಿದೆ? ಎಲೆಯಲ್ಲಿ ಮತ್ತು ಮರದಲ್ಲಿ. ಹದದಲ್ಲಿರುವ ಸಿಗಾರ್‌ನ ತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಹತ್ತು ಗ್ರಾಂ ತೂಗುವ ನೂರು ಸಿಗಾರ್ ಇದ್ದರೆ ನೂರು ಗ್ರಾಂಗೂ ಹೆಚ್ಚು ನೀರು ಅವುಗಳೊಳಗೇ ಇದೆ. ಗಾಳಿಯಲ್ಲಿರುವುದರ ಜೊತೆ ಹೋಲಿಸಿ ನೋಡಿ. ಅಂದರೆ ಸಿಗಾರ್ ತುಂಬಿದ ಪೆಟ್ಟಿಗೆಯಲ್ಲಿ ತೇವ ಸ್ಥಿರವಾಗಿ ಇರುವುದಕ್ಕೆ ಮುಖ್ಯ ಕಾರಣ ಸಿಗಾರ್‌ಗಳೇ. ಮುಚ್ಚಳ ತೆರೆದಾಗ ಒಣ ಗಾಳಿ ನುಗ್ಗಿದರೆ ಎಲೆಗಳು ಕೊಂಚ ನೀರು ಬಿಟ್ಟು ಸರಿದೂಗಿಸುತ್ತವೆ. ಆಗಾಗ ಮುಚ್ಚಳ ತೆರೆದರೆ ಎಲ್ಲ ಹಾಳು ಎಂದು ಹೆದರಿಸುವವರಿಗೂ ಇದೇ ಉತ್ತರ. 50 ಲೀಟರ್ ಪೆಟ್ಟಿಗೆಯ ಗಾಳಿಯೆಲ್ಲ ದಿನಕ್ಕೊಮ್ಮೆ ಪೂರ್ತಿ ಬದಲಾಗಿ ಅರ್ಧದಷ್ಟು ತೇವ ಹೋದರೂ ತಿಂಗಳಿಗೆ ಹೋಗುವ ನೀರು ಸುಮಾರು 9 ಗ್ರಾಂ.

ನಿಜವಾದ ಶತ್ರು ತೆರೆಯುವ ಮುಚ್ಚಳವಲ್ಲ, ಸರಿಯಾಗಿ ಕೂರದ ಮುಚ್ಚಳ. ಸಣ್ಣ ಸಂದಿ ಹಗಲು ರಾತ್ರಿ ಸೋರುತ್ತಲೇ ಇರುತ್ತದೆ.

ಹೊಸ ಮರ ಮೊದಲು ಕುಡಿಯುತ್ತದೆ

ದೊಡ್ಡ ಪೆಟ್ಟಿಗೆ ತಂದವರು ಮೊದಲ ವಾರ ಪೇಚಾಡುವುದು ಇಲ್ಲಿ. ಒಳಗೆ ಎಷ್ಟು ನೀರು ಇಟ್ಟರೂ ಮೀಟರ್ 55 ದಾಟುವುದಿಲ್ಲ, ಮೊದಲೇ ಹದವಾಗಿದ್ದ ಸಿಗಾರ್‌ಗಳೂ ಒಣಗುತ್ತವೆ. ಪೆಟ್ಟಿಗೆ ಕೆಟ್ಟದ್ದು ಎಂದು ವಾಪಸ್ ಕಳಿಸುವವರೂ ಇದ್ದಾರೆ.

ಹ್ಯೂಮಿಡಾರ್‌ಗಳ ಒಳಗೋಡೆಗೆ ಸಾಮಾನ್ಯವಾಗಿ ಸ್ಪ್ಯಾನಿಷ್ ಸೀಡರ್ ಎಂಬ ಮರ ಬಳಸುತ್ತಾರೆ. ಹೆಸರಿನಲ್ಲಿ ಎರಡು ಸುಳ್ಳಿವೆ. ಇದು ಸ್ಪೇನಿನದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ. ಸೀಡರೂ ಅಲ್ಲ, ಮಹಾಗನಿ ಮತ್ತು ನಮ್ಮ ಬೇವು ಸೇರಿದ ಕುಟುಂಬದ್ದು. ಯಾವುದೇ ಮರದಂತೆ ಇದೂ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹಿಡಿಯುತ್ತದೆ. ಗಾಳಿ ಶೇ. 40 ಇದ್ದಾಗ ಮರದಲ್ಲಿ ಅದರ ಒಣ ತೂಕದ ಸುಮಾರು ಶೇ. 7.7ರಷ್ಟು ನೀರಿರುತ್ತದೆ. ಶೇ. 70ಕ್ಕೆ ಅದು 13ಕ್ಕೆ ಏರುತ್ತದೆ. ಒಳಗಿನ ಮರ 4 ಕಿಲೋ ಇದ್ದರೆ ಈ ವ್ಯತ್ಯಾಸವೇ 200 ಗ್ರಾಂಗೂ ಹೆಚ್ಚು. ಅಂದರೆ ಮರ ಒಂದು ಲೋಟ ನೀರು ಕುಡಿದ ಮೇಲೆಯೇ ಸಿಗಾರ್‌ಗಳ ಸರದಿ. ಪೆಟ್ಟಿಗೆ ದೊಡ್ಡದಾದಷ್ಟೂ ಲೋಟವೂ ದೊಡ್ಡದು.

ಹಾಗಾಗಿ ಮೊದಲು ಖಾಲಿ ಪೆಟ್ಟಿಗೆಗೇ ತೇವ ಕುಡಿಸಿ ಹದ ಮಾಡಬೇಕು. ಒದ್ದೆ ಬಟ್ಟೆಯಿಂದ ಮರ ಒರೆಸಿ ಎಂಬ ಹಳೆಯ ಸಲಹೆ ಬೇಡ. ಒಂದೇ ಕಡೆ ಒಮ್ಮೆಲೇ ನೀರು ಬಿದ್ದರೆ ಹಲಗೆ ಸೊಟ್ಟಗಾಗುತ್ತದೆ, ಸೊಟ್ಟಗಾದ ಹಲಗೆಯ ಮುಚ್ಚಳ ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಬಟ್ಟಲಿನಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ಮುಚ್ಚಿಡಿ, ಅಥವಾ ಇದಕ್ಕೆಂದೇ ಸಿಗುವ ಶೇ. 84ರ ಪ್ಯಾಕ್ ಇಡಿ. ಎರಡು ವಾರ ಹಿಡಿಯುತ್ತದೆ. ನಲ್ಲಿ ನೀರು, ಅದರಲ್ಲೂ ಬೋರ್‌ವೆಲ್‌ನ ಗಡಸು ನೀರನ್ನು ಸ್ಪಂಜಿಗೆ ಹಾಕಿದರೆ ಸುಣ್ಣ ಕಟ್ಟಿ ಸ್ಪಂಜು ನೀರು ಹೀರುವುದನ್ನೇ ನಿಲ್ಲಿಸುತ್ತದೆ.

‘ನೂರು ಸಿಗಾರ್ ಹಿಡಿಯುತ್ತದೆ’

ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ಅನುಭವಿಗಳು ಯಾರೂ ನಂಬುವುದಿಲ್ಲ. ಅದಕ್ಕೆ ಸರಳ ಗಣಿತವಿದೆ. ಸಿಗಾರ್‌ನ ದಪ್ಪವನ್ನು ರಿಂಗ್ ಗೇಜ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ರಿಂಗ್ ಎಂದರೆ ಇಂಚಿನ 64ನೇ ಒಂದು ಭಾಗ. ಕೊರೋನಾ ಎಂಬ ಹಳೆಯ ಮಾದರಿಯ ಸಿಗಾರ್ 42 ರಿಂಗ್, ಸುಮಾರು 16.7 ಮಿಲಿಮೀಟರ್ ದಪ್ಪ. ಈಗ ಜನಪ್ರಿಯವಾಗಿರುವ ರೊಬಸ್ಟೊ 50 ರಿಂಗ್. ಇನ್ನೂ ದಪ್ಪನೆಯವು 60 ರಿಂಗ್, ಹತ್ತಿರ ಹತ್ತಿರ 24 ಮಿಲಿಮೀಟರ್.

42ರಿಂದ 60ಕ್ಕೆ ಹೋದರೆ ದಪ್ಪ ಒಂದೂವರೆ ಪಟ್ಟೂ ಆಗುವುದಿಲ್ಲ. ಆದರೆ ಸಿಗಾರ್ ತುಂಬುವ ಜಾಗ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಎರಡು ಪಟ್ಟು. ಸಣ್ಣ ಸಿಗಾರ್ ಲೆಕ್ಕದಲ್ಲಿ ನೂರು ಹಿಡಿಯುವ ಪೆಟ್ಟಿಗೆಯಲ್ಲಿ ದಪ್ಪನೆಯವು ಐವತ್ತೂ ಕೂರುವುದಿಲ್ಲ. ತೇವದ ಪ್ಯಾಕಿಗೆ, ಮೀಟರಿಗೆ, ಗಾಳಿ ಆಡುವುದಕ್ಕೆ ಜಾಗ ಬಿಟ್ಟರೆ ಇನ್ನೂ ಕಡಿಮೆ. ಇಷ್ಟು ಗೊತ್ತಿದ್ದರೆ ‘ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದು ಕೊಳ್ಳಿ’ ಎಂಬ ಸಲಹೆ ಎಲ್ಲಿಂದ ಬಂತು ಎಂದು ಅರ್ಥವಾಗುತ್ತದೆ. ಆ ಸಲಹೆ ತಪ್ಪಲ್ಲ. ಆದರೆ ಅದು ಈಗಾಗಲೇ ಪೆಟ್ಟಿಗೆ ತುಂಬಿ ತುಳುಕುತ್ತಿರುವವರಿಗೆ ಹೇಳಿದ್ದು.

ಏಕೆಂದರೆ ದೊಡ್ಡ ಪೆಟ್ಟಿಗೆ ಸ್ಥಿರವಾಗಿರುವುದು ತುಂಬಿದ್ದಾಗ. ಎಲ್ಲ ಅಳತೆಗಳನ್ನೂ ಎರಡು ಪಟ್ಟು ಮಾಡಿದರೆ ಒಳಜಾಗ ಎಂಟು ಪಟ್ಟಾಗುತ್ತದೆ, ಮುಚ್ಚಳದ ಅಂಚಿನ ಉದ್ದ ಎರಡೇ ಪಟ್ಟು. ಸೋರುವುದು ಅಂಚಿನಿಂದ, ಹಾಗಾಗಿ ತುಂಬಿದ ದೊಡ್ಡ ಪೆಟ್ಟಿಗೆ ತುಂಬಿದ ಸಣ್ಣದಕ್ಕಿಂತ ನಿಜಕ್ಕೂ ಗಟ್ಟಿ. ಅದೇ ಪೆಟ್ಟಿಗೆಯ ಮೂಲೆಯಲ್ಲಿ ಹದಿನೈದು ಸಿಗಾರ್ ಬಿದ್ದಿದ್ದರೆ ಸೋರಿಕೆಯ ಪೂರ್ತಿ ಭಾರ ಆ ಹದಿನೈದರ ಮೇಲೆ ಮತ್ತು ಪ್ಯಾಕಿನ ಮೇಲೆ. ಉಪ್ಪಿನ ದ್ರಾವಣ ತುಂಬಿದ, ತೇವ ಕೊಡುವ ಮತ್ತು ಹೀರುವ ಎರಡೂ ಕೆಲಸ ಮಾಡುವ ಪ್ಯಾಕುಗಳನ್ನು ಮಾರುವವರು 25 ಸಿಗಾರ್‌ಗೆ 60 ಗ್ರಾಂನ ಒಂದು ಪ್ಯಾಕ್ ಎಂದು ಲೆಕ್ಕ ಕೊಡುತ್ತಾರೆ. ಈ 25 ಎನ್ನುವುದು ನೀವು ಇಟ್ಟಿರುವ ಸಿಗಾರ್‌ಗಳ ಸಂಖ್ಯೆಯಲ್ಲ, ಪೆಟ್ಟಿಗೆಯ ಸಾಮರ್ಥ್ಯದ ಲೆಕ್ಕ. 200ರ ಪೆಟ್ಟಿಗೆಯಲ್ಲಿ 15 ಇಟ್ಟರೂ ಎಂಟು ಪ್ಯಾಕ್ ಬೇಕು, ಅವನ್ನು ಕಾಲಕಾಲಕ್ಕೆ ಬದಲಿಸಬೇಕು. ದೊಡ್ಡದು ಕೊಳ್ಳುವಾಗ ಈ ಖರ್ಚನ್ನು ಯಾರೂ ಹೇಳುವುದಿಲ್ಲ.

ಮುಚ್ಚಳದ ಪರೀಕ್ಷೆ ಸುಲಭ. ಫೋನಿನ ಟಾರ್ಚ್ ಹಚ್ಚಿ ಒಳಗಿಟ್ಟು ಮುಚ್ಚಿ, ಕೋಣೆಯ ದೀಪ ಆರಿಸಿ. ಬೆಳಕಿನ ಗೆರೆ ಕಂಡರೆ ಅಲ್ಲಿಂದಲೇ ತೇವವೂ ಹೋಗುತ್ತದೆ. ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಗಾಜು ಮರಕ್ಕೆ ಕೂರುವ ಅಂಚನ್ನೂ ನೋಡಬೇಕು, ಸೋರುವುದು ಹೆಚ್ಚಾಗಿ ಅಲ್ಲೇ.

140ರ ಲೆಕ್ಕ

ಅಮೆರಿಕದಲ್ಲಿ 70 ಡಿಗ್ರಿ, ಶೇ. 70 ಎಂಬುದು ಹಳೆಯ ಸೂತ್ರ. ಅಲ್ಲಿ ಉಷ್ಣತೆ ಹೇಳುವುದು ಫ್ಯಾರನ್‌ಹೀಟ್‌ನಲ್ಲಿ, 70 ಫ್ಯಾರನ್‌ಹೀಟ್ ಎಂದರೆ ನಮ್ಮ 21 ಸೆಲ್ಸಿಯಸ್. ಯಾರೋ ಎರಡನ್ನೂ ಕೂಡಿ 140 ಮಾಡಿದರು. ಸೆಕೆ ಹೆಚ್ಚಿದರೆ ತೇವ ಇಳಿಸಿ, ಚಳಿಯಾದರೆ ಏರಿಸಿ, ಮೊತ್ತ 140 ಇರಲಿ ಎಂಬ ನಿಯಮ ಹುಟ್ಟಿತು. ಇದನ್ನು ನಮ್ಮ ಮಾಪಕದಲ್ಲಿ ಬರೆದರೆ 21 ಮತ್ತು 70, ಮೊತ್ತ 91. ಉಷ್ಣತೆಯ ಮಾಪಕ ಬದಲಿಸಿದ ಕೂಡಲೇ ಮಾಯವಾಗುವ ನಿಯಮ ಪ್ರಕೃತಿಯದ್ದಾಗಿರಲು ಸಾಧ್ಯವಿಲ್ಲ. ಎಲೆ ಮುಖ್ಯವಾಗಿ ನೋಡುವುದು ಸಾಪೇಕ್ಷ ಆರ್ದ್ರತೆಯನ್ನೇ. ಬೆಂಗಳೂರಿನ ಮನೆಯಲ್ಲಿ 27 ಡಿಗ್ರಿ ಇದ್ದರೂ ಶೇ. 65 ಶೇ. 65ರಷ್ಟೇ ಒಳ್ಳೆಯದು. ಸೆಕೆಯಲ್ಲಿ ಹೆದರಬೇಕಾದ್ದು ಬೇರೆ ವಿಷಯಕ್ಕೆ, ಅದನ್ನು ಮುಂದೆ ನೋಡೋಣ.

ಎತ್ತರದ ಬೀರು ಕೊಳ್ಳುವವರಿಗೆ ಸಿಗುವ ಇನ್ನೊಂದು ಸಲಹೆ: ತೇವದ ಗಾಳಿ ಭಾರ, ಅದು ಕೆಳಗೆ ಇಳಿಯುತ್ತದೆ, ಹಾಗಾಗಿ ನೀರನ್ನು ಮೇಲಿಡಿ. ಇದು ತಲೆಕೆಳಗು. ನೀರಿನ ಅಣು ಗಾಳಿಯ ನೈಟ್ರೋಜನ್, ಆಕ್ಸಿಜನ್ ಅಣುಗಳಿಗಿಂತ ಹಗುರ, ಆದ್ದರಿಂದ ತೇವದ ಗಾಳಿ ಒಣ ಗಾಳಿಗಿಂತ ಹಗುರ. ಆದರೂ ಎತ್ತರದ ಬೀರುವಿನ ಮೇಲಿನ ತಟ್ಟೆಯಲ್ಲಿ ಮೀಟರ್ ಕಡಿಮೆ ತೋರಿಸುವುದುಂಟು, ಕಾರಣ ಉಷ್ಣತೆ. ಒಳಗೆ ದೀಪ ಇದ್ದರೆ ಮೇಲ್ಭಾಗ ಬಿಸಿ. ಒಂದು ಡಿಗ್ರಿ ಹೆಚ್ಚಾದರೆ ಅದೇ ಗಾಳಿಯ ಸಾಪೇಕ್ಷ ಆರ್ದ್ರತೆ 70ರಿಂದ ಸುಮಾರು 66ಕ್ಕೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಇರುವಂಥ ಒಂದು ಸಣ್ಣ ಫ್ಯಾನ್ ನಿಧಾನಕ್ಕೆ ಗಾಳಿ ಕಲಕುತ್ತಿದ್ದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಫೋಟೋದಲ್ಲಿ ಚೆಂದ ಕಾಣುವ ಆ ಹಳದಿ ದೀಪವನ್ನು ಆರಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಮಂಗಳೂರಿನ ಮಳೆಗಾಲ, ಅರಿಶಿನದ ಹುಳು

ಹ್ಯೂಮಿಡಾರ್ ಕುರಿತ ಸಲಹೆಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಹೀಟರ್ ಹಾಕುವ ದೇಶಗಳವು. ಅಲ್ಲಿನ ಮನೆಯೊಳಗಿನ ಗಾಳಿ ಶೇ. 20–30ಕ್ಕೆ ಇಳಿಯುತ್ತದೆ, ಅಲ್ಲಿಯ ಚಿಂತೆ ತೇವ ಸೇರಿಸುವುದು. ಮಾರ್ಚ್ ತಿಂಗಳ ಮಧ್ಯಾಹ್ನ ಬೆಂಗಳೂರು, ಕಲಬುರಗಿಗಳಿಗೆ ಇದು ಹೊಂದುತ್ತದೆ. ಜುಲೈನ ಮಂಗಳೂರು, ಕಾರವಾರಕ್ಕೆ ಹೊಂದುವುದಿಲ್ಲ. ಹೊರಗೆ ಶೇ. 85–90 ಇರುವಾಗ ಪೆಟ್ಟಿಗೆಯ ಕೆಲಸ ತೇವವನ್ನು ಹೊರಗಿಡುವುದು. ಆಗ ನೀರು ತುಂಬಿದ ಸ್ಪಂಜು ಇಟ್ಟರೆ ಬೂಷ್ಟಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತೆ. ಎಲೆಯ ಮೇಲಿನ ಬಿಳಿ ಪುಡಿ ಒಳ್ಳೆಯ ಸಿಗಾರ್‌ನ ಲಕ್ಷಣ ಎಂದು ಹೇಳುವವರಿದ್ದಾರೆ. ಬಿಳಿ ಕಂಡರೆ ಮೊದಲು ಬೂಷ್ಟು ಎಂದೇ ಎಣಿಸಿ, ಆ ಸಿಗಾರ್‌ಗಳನ್ನು ಉಳಿದವುಗಳಿಂದ ಬೇರೆ ಮಾಡಿ.

ಸೆಕೆಯ ಭಯ ಎಂದೆನಲ್ಲ, ಅದು ಈ ಹುಳುವಿನದು. ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಹುಳು ನಿಮ್ಮ ಅಡುಗೆಮನೆಗೂ ಪರಿಚಿತ. ಅರಿಶಿನದ ಕೊಂಬು, ಧನಿಯ, ಒಣಮೆಣಸಿನಕಾಯಿಗಳನ್ನು ಕೊರೆದು ಪುಡಿ ಮಾಡುವುದೂ ಇದೇ, ಸಿಗಾರ್‌ಗೆ ಸೂಜಿ ಚುಚ್ಚಿದಂಥ ತೂತು ಮಾಡುವುದೂ ಇದೇ. ಮೊಟ್ಟೆಗಳು ಎಲೆಯ ಜೊತೆಯಲ್ಲೇ ಬಂದಿರಬಹುದು. 30 ಡಿಗ್ರಿ ಆಸುಪಾಸಿನ ಬಿಸಿ ಇದಕ್ಕೆ ಬಲು ಇಷ್ಟ. ಮರದ ವಾಸನೆಗೆ ಹುಳು ಬರುವುದಿಲ್ಲ ಎಂಬುದನ್ನು ನಂಬಿ ಕೂರಬೇಡಿ. ದೊಡ್ಡ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಒಂದರಿಂದ ಇನ್ನೊಂದಕ್ಕೆ ಹರಡುವುದೂ ಸುಲಭ. ತೂತು ಕಂಡರೆ ಗಾಳಿಯಾಡದ ಚೀಲದಲ್ಲಿ ಸುತ್ತಿ ಕೆಲವು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಒಂದು ದಿನ ಫ್ರಿಜ್‌ನಲ್ಲಿಟ್ಟು ಹೊರತೆಗೆಯುವುದು ವಾಡಿಕೆ. ಹಾಗೆಂದು ಫ್ರಿಜ್‌ನಲ್ಲೇ ಇಟ್ಟುಬಿಡಬೇಡಿ. ಫ್ರಿಜ್‌ನ ತಣ್ಣನೆಯ ಕೊಳವೆಯ ಮೇಲೆ ಗಾಳಿಯ ನೀರು ಕಟ್ಟಿ ಹರಿದುಹೋಗುತ್ತದೆ, ತೆರೆದಿಟ್ಟ ಕೊತ್ತಂಬರಿ ಸೊಪ್ಪು ಬಾಡುವುದೂ ಇದರಿಂದಲೇ. ಮೇಲಾಗಿ ನಿನ್ನೆಯ ಸಾರಿನ ವಾಸನೆ ಬೇರೆ.

ಮೀಟರನ್ನೇ ಮೊದಲು ಪರೀಕ್ಷಿಸಿ

ಇಷ್ಟೆಲ್ಲ ಸಂಖ್ಯೆಗಳಿಗೆ ಬೆಲೆ ಬರುವುದು ಮೀಟರ್ ನಿಜ ಹೇಳಿದಾಗ. ಪೆಟ್ಟಿಗೆಯ ಜೊತೆ ಉಚಿತವಾಗಿ ಬರುವ ಮುಳ್ಳಿನ ಮೀಟರ್ ಹತ್ತು ಅಂಕ ತಪ್ಪು ತೋರಿಸಿದರೂ ಆಶ್ಚರ್ಯವಿಲ್ಲ. ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕರಗದಂತೆ, ಒದ್ದೆ ಮರಳಿನಷ್ಟು ಮಾತ್ರ ನೀರು ಹನಿಸಿ. ಅದನ್ನೂ ಮೀಟರನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಚೀಲದಲ್ಲಿಟ್ಟು ಮುಚ್ಚಿ ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ನಮ್ಮ ಮನೆಗಳ ಉಷ್ಣತೆಯಲ್ಲಿ ಶೇ. 75ಕ್ಕೆ ಬಂದು ನಿಲ್ಲುತ್ತದೆ, ಚಳಿಗಾಲ ಬೇಸಿಗೆ ಎನ್ನದೆ. ಮೀಟರ್ 71 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದಕ್ಕೆ 4 ಸೇರಿಸಿ ಓದಿ. ವೀಣೆ, ಪಿಟೀಲು, ಕ್ಯಾಮೆರಾ ಲೆನ್ಸ್ ಇಡುವ ಕಪಾಟಿನ ಮೀಟರಿಗೂ ಇದೇ ಪರೀಕ್ಷೆ ನಡೆಯುತ್ತದೆ.

ಕೊನೆಗೆ, ನಿಮಗೆ ನಿಜಕ್ಕೂ ಎಷ್ಟು ದೊಡ್ಡದು ಬೇಕು? 2016ರ ಬ್ಯಾಗೇಜ್ ನಿಯಮಗಳು ವಿದೇಶದಿಂದ ಬರುವ ಪ್ರಯಾಣಿಕರ ಸುಂಕರಹಿತ ಮಿತಿಯನ್ನು 25 ಸಿಗಾರ್‌ಗೆ ನಿಲ್ಲಿಸಿದವು. ನೆಂಟರು ತಂದದ್ದು ಅಷ್ಟೇ ಆಗಿದ್ದರೆ ಬೀರು ಬೇಡ, ಮರದ ಪೆಟ್ಟಿಗೆಯೂ ಬೇಡ. ರಬ್ಬರ್ ಅಂಚಿನ, ಗಟ್ಟಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ ಮತ್ತು ಶೇ. 65 ಅಥವಾ 69ರ ಒಂದು ಪ್ಯಾಕ್ ಸಾಕು. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಎರಡು ವಾರ ಹದ ಮಾಡುವ ಕೆಲಸವೂ ಇಲ್ಲ. ನೂರಾರು ಸಿಗಾರ್ ಕೂಡಿಡುವ ವಿದೇಶಿ ಹವ್ಯಾಸಿಗಳಲ್ಲೂ ಐಸ್ ಬಾಕ್ಸ್‌ನಲ್ಲಿ ಇಡುವವರು ಬಹಳ ಮಂದಿ. ಡಬ್ಬಿ ಯಾವುದೇ ಇರಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಬೀಗ ಹಾಕಿಡಿ. ದೊಡ್ಡ ಸಿಗಾರ್ ಒಂದರಲ್ಲಿ 100ರಿಂದ 200 ಮಿಲಿಗ್ರಾಂ ನಿಕೋಟಿನ್ ಇರಬಹುದು, ಪುಟ್ಟ ಮಗು ಅದರ ಒಂದು ತುಂಡನ್ನು ಜಗಿದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ.